ಒಂಟಿಕೊಂಬಿನ ಗುಡಿಯ ಗಾರೆಕಲ್ಲು

ಮೊದಲೇ ಹೇಳಿಬಿಡುತ್ತೇನೆ, ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ಅಂಥ ನನ್ನನ್ನು ದೇವರು ನೂರು ವರ್ಷ ಒಂದೇ ಕಡೆ ನಿಲ್ಲಿಸಿದ. ಯಾಕಪ್ಪ ಹೀಗೆ ಮಾಡಿದೆ ಎಂದು ಕೇಳೋಣವೆಂದರೆ ನನಗೆ ಬಾಯಿಲ್ಲ, ಇರುವುದು ನಡುವೆ ಒಂದು ತೂತು ಮಾತ್ರ. ನಾನು ಗಾರೆ ಅರೆಯುವ ಗಾಣದ ಕಲ್ಲು. ಆಳಿನ ಎದೆಯೆತ್ತರ, ಒಂದು ಗೇಣಿಗಿಂತ ಹೆಚ್ಚು ದಪ್ಪ. ಆ ತೂತಿಗೆ ಅಚ್ಚುಮರ ತೂರಿಸಿ ಎತ್ತು ಹೂಡಿದರೆ, ನೆಲದಲ್ಲಿ ದುಂಡಗೆ ಕಟ್ಟಿದ ಕಲ್ಲಿನ ಕಾಲುವೆಯೊಳಗೆ ಸುತ್ತುತ್ತೇನೆ. ಸುಣ್ಣ, ಮರಳು, ಇಟ್ಟಿಗೆಪುಡಿ ನನ್ನ ಕೆಳಗೆ ಸಿಕ್ಕಿ ನುಣ್ಣಗಾಗಿ ಗಾರೆಯಾಗುತ್ತವೆ. ನೀವು ಸಿಮೆಂಟಿನ ಕಾಲದವರು, ನಿಮಗೆ ಇದನ್ನೆಲ್ಲ ಬಿಡಿಸಿಯೇ ಹೇಳಬೇಕು.

ನನ್ನ ಹುಟ್ಟೂರು ದೂರವೇನಲ್ಲ. ಕನಕಪುರದ ಕಡೆಯ ಬಂಡೆಗಳ ಸೀಮೆಯಲ್ಲಿ ಸಂದ್ಯಾಗನಪಾಳ್ಯ ಎಂಬ ಊರಿದೆ. ಊರಿನ ಬಹುಪಾಲು ಜನ ತಲೆಮಾರುಗಳಿಂದ ಕ್ರೈಸ್ತರು, ರಾಗಿ ಬೆಳೆಯುವವರು, ರೇಷ್ಮೆಹುಳು ಸಾಕುವವರು. ಚರ್ಚನ್ನು ಅವರು ಗುಡಿ ಎಂದೇ ಕರೆಯುತ್ತಾರೆ, ಪಾದ್ರಿಗಳನ್ನು ಸ್ವಾಮೇರು ಎನ್ನುತ್ತಾರೆ. ಆ ಊರ ಹಿಂದಿನ ಗುಡ್ಡದಲ್ಲಿ ಒಂದು ದೊಡ್ಡ ಬಂಡೆಯ ಹೊಟ್ಟೆಯೊಳಗೆ ನಾನಿದ್ದೆ. ಹನುಮಬೋವಿ ಎಂಬ ಕಲ್ಲುಕುಟಿಗ ಬಂದು, ಉಳಿಯಿಂದ ಸಾಲಾಗಿ ತೂತು ಹೊಡೆದು, ಬೆಣೆ ಬಡಿದು ಬಂಡೆಯನ್ನು ಎರಡು ಹೋಳು ಮಾಡಿದ. ಒಂದು ಹೋಳನ್ನು ಚಪ್ಪಟೆಯಾಗಿ ಕಡಿದು ಗುಡಿಯ ಮುಂಬಾಗಿಲಿಗೆ ಹೊಸ್ತಿಲು ಮಾಡಿದ. ಇನ್ನೊಂದನ್ನು ದುಂಡಗೆ ಕಡಿದ, ಅದು ನಾನು. ಹೊಸ್ತಿಲು ನನ್ನ ತಂಗಿ. ಹುಟ್ಟಿದಾಗ ಮಲಗಿದವಳು ಇವತ್ತಿಗೂ ಎದ್ದಿಲ್ಲ, ಆದರೂ ಊರಿನ ಮದುವಣಗಿತ್ತಿಯರೆಲ್ಲ ಅವಳನ್ನೇ ದಾಟಿ ಒಳಗೆ ಹೋಗುತ್ತಾರೆ. ಆ ಹೊಟ್ಟೆಕಿಚ್ಚು ನನಗೆ ಈಗಲೂ ಪೂರ್ತಿ ಹೋಗಿಲ್ಲ.

ಗುಡ್ಡದಿಂದ ಇಳಿಸುವಾಗ ಹಗ್ಗ ಹರಿಯಿತು. ಅದೇ ಹರಿಯಿತೋ, ನಾನೇ ಜಗ್ಗಿ ಹರಿದೆನೋ, ಆ ಮಾತು ಈಗ ಬೇಡ. ಇಳಿಜಾರು ಸಿಕ್ಕಿದ್ದೇ ಸಾಕೆಂದು ಉರುಳಿದೆ. ಕತ್ತಾಳೆ ಬೇಲಿ ಮುರಿದೆ, ಒಣಗಲು ಇಟ್ಟಿದ್ದ ಹಸಿ ಇಟ್ಟಿಗೆಯ ಒಂದು ಸಾಲನ್ನು ಚಟ್ನಿ ಮಾಡಿದೆ, ಗುಡಿ ಕಟ್ಟಲು ಹಗ್ಗ ಹಿಡಿದು ಗುರುತು ಹಾಕಿದ್ದ ಬಯಲಿಗೆ ಹೋಗಿ ಬಿದ್ದೆ. ಅಲ್ಲಿ ಫ್ರಾನ್ಸ್ ದೇಶದ ಪಾದ್ರಿಯೊಬ್ಬರು ನಿಂತಿದ್ದರು. ಹೆಸರು ಗಸ್ತಾಂ, ಊರಿನವರ ಬಾಯಲ್ಲಿ ಗಸ್ತಪ್ಪ ಸ್ವಾಮಿ. ಕೆಂಪು ಗಡ್ಡ, ಮೊಳಕಾಲಿನವರೆಗೆ ಧೂಳು. ನಾನು ಅವರ ಕಾಲಿನಿಂದ ಎರಡು ಮಾರು ದೂರದಲ್ಲಿ ನಿಂತಾಗ ಅವರು ಹೆದರಲಿಲ್ಲ, ನಕ್ಕರು. ಪುಸ್ತಕ ಓದಿ ಕಲಿತ ಕನ್ನಡದಲ್ಲಿ ಮೇಸ್ತ್ರಿಗೆ ಹೇಳಿದರು, "ಚೌರಪ್ಪನವರೇ, ಈ ಕಲ್ಲಿಗೆ ನನಗಿಂತಲೂ ಹೆಚ್ಚು ಅವಸರವಿದೆ. ಇದನ್ನು ಕೂಡಲೇ ಕೆಲಸಕ್ಕೆ ಹಚ್ಚಿರಿ."

ಚೌರಪ್ಪ ಗಾರೆ ಮೇಸ್ತ್ರಿ, ಆಗ ಮೂವತ್ತೈದರ ಆಳು. ನನಗಾಗಿ ಗುಡಿಯ ಎಡಮಗ್ಗುಲಲ್ಲೇ ಕಾಲುವೆ ಕಟ್ಟಿದ. ಜೋಡಿ ಎತ್ತು ಹೂಡಿದ. ಅಲ್ಲಿಂದ ಮೂರು ವರ್ಷ ನಾನು ಸುತ್ತಿದ್ದೇ ಸುತ್ತಿದ್ದು. ಗಾಣದೆತ್ತಿನ ಬಾಳು ಎಂದು ಜನ ಮರುಗುತ್ತಾರಲ್ಲ, ನನಗೆ ಮಾತ್ರ ಅದು ಸ್ವರ್ಗ. ಸುಣ್ಣದ ಜೊತೆಗೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಸುರಿಯುತ್ತಿದ್ದರು. ಮೊದಮೊದಲು ಮರಳು ನನ್ನ ಕೆಳಗೆ ಸಿಕ್ಕಿ ಕರಕರ ಎನ್ನುತ್ತಿತ್ತು. ಸುತ್ತುತ್ತಾ ಸುತ್ತುತ್ತಾ ಆ ಸದ್ದು ಸಣ್ಣಗಾಗಿ, ಕಡೆಗೆ ಇಲ್ಲವಾಗುತ್ತಿತ್ತು. ಚೌರಪ್ಪ ಅಚ್ಚುಮರಕ್ಕೆ ಕಿವಿಯಿಟ್ಟು ಕೇಳುತ್ತಿದ್ದ. ಹೊಸ ಆಳುಗಳಿಗೆ ಅವನ ಪಾಠ ಒಂದೇ, "ಕಲ್ಲು ಮಾತಾಡ್ತಿರೋಗಂಟ ಗಾರೆ ಹಸಿ ಕಣ್ರಯ್ಯ. ಕಲ್ಲು ಬಾಯ್ ಮುಚ್ಕೊಂತು ಅಂದ್ರೆ ಹದ ಬಂತು ಅಂತ." ಮಾತಿನ ಮಲ್ಲನಾದ ನನಗೆ ಆ ಮಾತು ಅಷ್ಟಾಗಿ ಹಿಡಿಸುತ್ತಿರಲಿಲ್ಲ.

ಗುಡಿ ಏಳುತ್ತಾ ಹೋಯಿತು. ತಳಪಾಯಕ್ಕೆ ಕಲ್ಲು, ಮೇಲೆ ಇಟ್ಟಿಗೆ, ಗೋಡೆಯ ದಪ್ಪ ಮೂರು ಅಡಿ. ಕಿಟಕಿಗಳ ಕಮಾನು ಮೇಲೆ ಹೋಗುತ್ತಾ ಚೂಪಾಗಿ, ಜೋಡಿಸಿದ ಕೈಗಳ ಹಾಗೆ ಕೂಡುತ್ತಿತ್ತು. ಮಾಡಿಗೆ ತೇಗದ ತೊಲೆ, ಮಂಗಳೂರು ಹೆಂಚು. ಒಳಗೆ ಪೀಠದ ಹಿಂದೆ ಬಾಗಿದ ಗೋಡೆ, ಅದರ ಮೇಲೆ ಅರ್ಧ ಗುಮ್ಮಟ. ಮುಂದುಗಡೆ ಎರಡು ಗೋಪುರ ಎಂದು ಸ್ವಾಮೇರು ಕೋಲಿನಿಂದ ನೆಲದ ಮೇಲೆ ಬರೆದು ತೋರಿಸಿದ್ದರು. ಬಲಗಡೆಯದು ಗಂಟೆಗೆ. ಎಡಗಡೆಯದು ಯಾತಕ್ಕೆ ಎಂದು ಚೌರಪ್ಪ ಕೇಳಿದ್ದಕ್ಕೆ, "ಬಲಗಡೆಯದಕ್ಕೆ ಜೊತೆ ಬೇಡವೇ?" ಎಂದಿದ್ದರು.

ಆ ಬಾಗಿದ ಗೋಡೆಗೂ ಗುಮ್ಮಟಕ್ಕೂ ಕನ್ನಡಿಯಂಥ ಬಿಳಿ ಗಾರೆ ಹಚ್ಚಬೇಕು, ಅದಕ್ಕೆ ಮೊಟ್ಟೆಯ ಬಿಳಿ ಬೇಕು ಎಂದ ಚೌರಪ್ಪ. ಸಾವಿರಗಟ್ಟಲೆ ಮೊಟ್ಟೆ ಎಲ್ಲಿಂದ ತರುವುದು? ಆಗ ವಿಭೂತಿ ಬುಧವಾರ ಕಳೆದು ತಪಸ್ಸುಕಾಲ ಶುರುವಾಗಿತ್ತು. ಏಸು ಸತ್ತು ಎದ್ದುಬಂದ ಪಾಸ್ಖ ಹಬ್ಬದವರೆಗೆ ನಲವತ್ತು ದಿನ ಊರಿನಲ್ಲಿ ಯಾರೂ ಮಾಂಸ ಮುಟ್ಟುತ್ತಿರಲಿಲ್ಲ, ಮೊಟ್ಟೆಯನ್ನೂ ಮುಟ್ಟುತ್ತಿರಲಿಲ್ಲ. ಕೋಳಿಗಳಿಗೇನು ತಪಸ್ಸು? ಅವು ಇಡುವುದನ್ನು ಇಡುತ್ತಲೇ ಇದ್ದವು. ಗಸ್ತಪ್ಪ ಸ್ವಾಮಿ ಪೂಜೆಯಲ್ಲಿ ಕೇಳಿದರು, ಮಾರನೆಯ ದಿನದಿಂದ ಹೆಂಗಸರು ರಾಗಿಯೊಳಗೆ ಹೂತಿಟ್ಟ ಮೊಟ್ಟೆಗಳನ್ನು ಕುಕ್ಕೆಯಲ್ಲಿ ಹೊತ್ತು ತಂದರು. ಊರಿನ ನಲವತ್ತು ದಿನದ ಹಸಿವು ಗೋಡೆಗೆ ಹೋಯಿತು. ಮುಂದೆ ಎಷ್ಟೋ ವರ್ಷ ಅಜ್ಜಿಯರು ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ ಆ ಗೋಡೆ ಸವರಿ, "ನಮ್ ಕೋಳಿ ಮೊಟ್ಟೆ ಇಲ್ಲೇ ಇರೋದು" ಎಂದು ಜಾಗ ತೋರಿಸುತ್ತಿದ್ದರು. ಅದೇ ಜಾಗ ಎಂದು ಅವರಿಗೆ ಹೇಗೆ ಗೊತ್ತೋ, ನಾನಂತೂ ಕೇಳಲಿಲ್ಲ.

ಬಲಗೋಪುರ ಮುಗಿಯಿತು, ಗಂಟೆ ಏರಿತು. ಎಡಗೋಪುರ ಗುಡಿಯ ಹೆಗಲೆತ್ತರಕ್ಕೆ ಬಂದಿತ್ತು. ಅದರ ಮುಂದಿನ ಇಟ್ಟಿಗೆ ವರಸೆಗೆ ನಾನು ಗಾರೆ ಅರೆಯುತ್ತಿದ್ದೆ. ಸಾವಿರದ ಒಂಬೈನೂರ ಹದಿನಾಲ್ಕನೆಯ ಇಸವಿ, ಆಗಸ್ಟ್ ತಿಂಗಳು. ಅಂಚೆಯವನು ಒಂದು ಕಾಗದ ತಂದ. ಅವರ ದೇಶದಲ್ಲಿ ಯುದ್ಧ ಹತ್ತಿದೆ, ಪಾದ್ರಿಗಳೂ ಬಂದು ಸೇನೆಗೆ ಸೇರಬೇಕಂತೆ. ಗಸ್ತಪ್ಪ ಸ್ವಾಮಿ ಕಾಗದ ಮಡಿಚಿ ನಿಲುವಂಗಿಯ ಜೇಬಿಗೆ ಹಾಕಿಕೊಂಡು ನನ್ನ ಬಳಿ ಬಂದರು. ನಾನು ಇನ್ನೂ ಕರಕರ ಎನ್ನುತ್ತಿದ್ದೆ. "ನಿಲ್ಲಿಸಿರಿ ಚೌರಪ್ಪನವರೇ" ಎಂದರು. ಎತ್ತು ಬಿಚ್ಚಿದರು. ಹಸಿ ಗಾರೆಗೆ ಒದ್ದೆ ಗೋಣಿ ಹೊದಿಸಿದರು.

ಚೌರಪ್ಪ ಅವರನ್ನು ರೈಲಿಗೆ ಬಿಡಲು ನಡೆದುಕೊಂಡು ಹೋದ. ನಾಲ್ಕು ದಿನ ಬಿಟ್ಟು ತಿರುಗಿ ಬಂದು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತ. ಆಳುಗಳು ಎತ್ತು ಹೂಡಲು ಬಂದರೆ, "ಬ್ಯಾಡಿ. ಸ್ವಾಮೇರು ನಿಲ್ಸಿ ಅಂದವ್ರೆ, ಸ್ವಾಮೇರೇ ಬಂದು ಹೂಡಿ ಅನ್ಲಿ" ಎಂದ. ಗಾರೆಯ ಗುಣ ಬಲ್ಲ ಮೇಸ್ತ್ರಿ ಆಡುವ ಮಾತೇ ಅದು? ಕಾಲುವೆಯ ಗಾರೆ ಬಳಿದು ತೆಗೆಯಿರಿ, ನನ್ನನ್ನು ತೊಳೆಯಿರಿ ಎಂದಾದರೂ ಹೇಳಬೇಡವೇ? ಹೇಳಲಿಲ್ಲ. ಬಳಿದುಬಿಟ್ಟರೆ ಅವರು ಬರುವುದಿಲ್ಲವೆಂದು ತಾನೇ ಒಪ್ಪಿಕೊಂಡಂತೆ ಎಂದು ಅವನ ಎದೆಗೆ ಅನ್ನಿಸಿತ್ತು. ತಿಂಗಳು ಕಳೆಯುವಷ್ಟರಲ್ಲಿ ಸುಣ್ಣವೂ ಇಟ್ಟಿಗೆಪುಡಿಯೂ ಬಿಗಿದುಕೊಂಡು ನನ್ನ ಕಾಲು ಹಿಡಿದವು. ನಾನೇ ಅರೆದ ಗಾರೆಯಲ್ಲಿ ನಾನೇ ಸಿಕ್ಕಿಬಿದ್ದೆ. ಮಾಡಿದ್ದುಣ್ಣೋ ಮಹರಾಯ ಅಂತಾರಲ್ಲ, ಹಾಗೆ.

ಎರಡು ವರ್ಷದ ಮೇಲೆ ಗಸ್ತಪ್ಪ ಸ್ವಾಮಿ ಯುದ್ಧದಲ್ಲಿ ತೀರಿಕೊಂಡ ಸುದ್ದಿ ಬಂತು. ಗಂಟೆ ಒಂದೊಂದಾಗಿ ಬಡಿಯಿತು. ಜನ ಅಳುತ್ತಾ ನನ್ನ ತಂಗಿಯನ್ನು ದಾಟಿ ಒಳಗೆ ಹೋದರು, ಚೌರಪ್ಪ ಒಳಗೆ ಹೋಗದೆ ಹೊರಗೆ ನನ್ನನ್ನು ಹಿಡಿದು ನಿಂತ. ಎಡಗೋಪುರಕ್ಕೆ ಹೆಂಚು ಹೊದಿಸಿ ಅಷ್ಟಕ್ಕೇ ಬಿಟ್ಟರು. ಸುತ್ತಲಿನ ಊರಿನವರು ಅದಕ್ಕೆ ಒಂಟಿಕೊಂಬಿನ ಗುಡಿ ಎಂದು ಹೆಸರಿಟ್ಟರು. ನಮ್ಮೂರಿಗೆ ಹೆಣ್ಣು ಕೊಡಲು ಬಂದವರೂ, "ಇನ್ನೊಂದು ಕೊಂಬು ಯಾವ ಗೂಳಿ ಮುರೀತು?" ಎಂದು ಕೇಳಿಯೇ ಕಾಫಿ ಕುಡಿಯುತ್ತಿದ್ದರು.

ನಿಂತಲ್ಲಿ ನಿಂತು ನಾನು ಪಟ್ಟ ಪಾಡು ಯಾರಿಗೆ ಹೇಳಲಿ? ಹೆಂಗಸರು ನನ್ನ ತಲೆಯ ಮೇಲೆ ಕೂಸಿನ ಬಟ್ಟೆ ಒಣಗಿಸಿದರು. ಮೇಕೆಗಳು ಬೆನ್ನು ಉಜ್ಜಿಕೊಂಡವು. ಜಪಸರ ಹಿಡಿದು ಕೂತ ಮುದುಕರು ಒರಗಿ ತೂಕಡಿಸಿದರು. ಗಾಳಿ ಬೀಸಿದರೆ, ಗಾಡಿ ಹೋದರೆ, ಗಂಟೆ ಬಡಿದರೆ ನನ್ನ ಮೈ ಒಳಗೊಳಗೇ ಉರುಳುತ್ತಿತ್ತು, ಹೊರಗೆ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ.

ಚೌರಪ್ಪ ಮುದುಕನಾದ ಮೇಲೂ ದಿನಾ ಸಂಜೆ ಬರುತ್ತಿದ್ದ. ಕೊನೆಕೊನೆಗೆ ಮೊಮ್ಮಗಳನ್ನು ಕೈಹಿಡಿದು ತರುತ್ತಿದ್ದ. ಅವಳ ಹೆಸರು ಮಗ್ದಲಮ್ಮ. ಇಬ್ಬರೂ ನನ್ನ ತೂತಿಗೆ ಕಿವಿಯಿಡುತ್ತಿದ್ದರು. "ತಾತ, ಏನೂ ಕೇಳಲ್ವಲ್ಲ" ಎಂದರೆ, "ಅರ್ಧಕ್ಕೆ ನಿಂತೈತೆ ಕಣವ್ವ, ಹದ ಬಂದು ಸುಮ್ಕಾದದ್ದಲ್ಲ. ಎಲ್ಡಕ್ಕೂ ವ್ಯತ್ಯಾಸ ಐತೆ" ಎನ್ನುತ್ತಿದ್ದ. ಮನೆಯಲ್ಲಿ ಗುಂಡುಕಲ್ಲಿನಿಂದ ಒಂದಿಷ್ಟು ಸುಣ್ಣ ಅರೆದು ವರ್ಷಕ್ಕೊಮ್ಮೆ ಗುಡಿಯ ಬಿರುಕು ಮುಚ್ಚುತ್ತಿದ್ದ. ಆ ಹುಡುಗಿಗೆ ಹದ ನೋಡುವುದನ್ನು ಅವನೇ ಕಲಿಸಿದ್ದು. ಅವನು ಸತ್ತಾಗ ಪೆಟ್ಟಿಗೆ ಹೊತ್ತವರು ನನ್ನ ಪಕ್ಕ ಒಂದು ಗಳಿಗೆ ಇಳಿಸಿ ಮುಂದೆ ಹೋದರು.

ಆಮೇಲೆ ಬಂದ ಸ್ವಾಮೇರುಗಳು ಎಷ್ಟೋ. ಹೊಸ ಅಗಸ ಗೋಣಿ ಎತ್ತೆತ್ತಿ ಒಗೆದ ಎಂಬಂತೆ ಒಬ್ಬರಿಗೆ ನನ್ನ ಜಾಗದಲ್ಲಿ ಮಾತೆ ಮರಿಯಳ ಗವಿ ಕಟ್ಟುವ ಉಮೇದು ಬಂತು. ನನ್ನ ನಡುವಿಗೆ ಉಕ್ಕಿನ ಹಗ್ಗ ಕಟ್ಟಿ ಟ್ರ್ಯಾಕ್ಟರಿನಿಂದ ಎಳೆಸಿದರು. ನನಗೋ ಹಿಗ್ಗೇ ಹಿಗ್ಗು, ಎಳೆಯಿರೋ ಎಳೆಯಿರಿ ಎಂದೆ. ಟ್ರ್ಯಾಕ್ಟರಿನ ಮುಂದಿನ ಗಾಲಿ ಮೇಲೆದ್ದಿತು, ಹೊಗೆ ಬಂತು, ಹಗ್ಗ ಹರಿದು ಬೇಲಿಗೆ ಹೋಗಿ ಬಿತ್ತು. ನನ್ನ ಅಂಚಿನ ಒಂದು ಚೂರು ಹಾರಿತೇ ಹೊರತು ಕಾಲುವೆಯ ಗಾರೆ ಬಿಡಲಿಲ್ಲ. ಕೊನೆಗೆ ಗವಿಯನ್ನೇ ನಾಲ್ಕು ಮಾರು ಆಚೆ ಕಟ್ಟಿದರು.

ಗುಡಿಗೆ ಎಪ್ಪತ್ತೈದು ತುಂಬಿತು. ಊರಿಗೆಲ್ಲ ಒಂದೇ ಮಾತು, ಹಬ್ಬಕ್ಕೆ ಗುಡಿಗೆ ಹೊಸ ಬಟ್ಟೆ ತೊಡಿಸಬೇಕು. ಅಂದರೆ ಹೊರಗೋಡೆಗೆಲ್ಲ ಸಿಮೆಂಟು, ಒಳಗೆ ಪೀಠದ ಗೋಡೆಗೂ ಸೇರಿಸಿ ಹೊಳೆಯುವ ಬಣ್ಣ. ಪ್ರೀತಿಯಿಂದಲೇ ಮಾಡಿದರು, ಸುಳ್ಳು ಹೇಳಬಾರದು. ಹೆತ್ತಮ್ಮನಿಗೆ ಉಸಿರು ಕಟ್ಟುವಷ್ಟು ಬಿಗಿಯಾಗಿ ಸೀರೆ ಉಡಿಸಿದರೆ ಅದೂ ಪ್ರೀತಿಯೇ. ಚೌರಪ್ಪನ ವಂಶದವರೆಂದು ಮೊದಲ ಕರಣೆ ಸಿಮೆಂಟು ಹಚ್ಚುವ ಗೌರವವನ್ನು ಮಗ್ದಲಮ್ಮನಿಗೆ ಕೊಟ್ಟರು. ಆಗ ಅವಳಿಗೆ ನಲವತ್ತು ದಾಟಿತ್ತು. ಅವಳದೂ ಗಾರೆಕೆಲಸವೇ, ಹೆಸರಿಗೆ ಮಾತ್ರ ಗಾರೆ, ಬಾಂಡಲಿಯಲ್ಲಿ ಹೊತ್ತದ್ದೆಲ್ಲ ಸಿಮೆಂಟು. ಹೊಸ ಸೀರೆ ಉಟ್ಟು, ಬ್ಯಾಂಡಿನವರು ಊದುತ್ತಿರಲು, ಅವಳು ಹೆಮ್ಮೆಯಿಂದ ಕರಣೆ ಎತ್ತಿ ಗೋಡೆಗೆ ಬೀಸಿದಳು. ಅಂಗಳದಲ್ಲಿ ಸಿಮೆಂಟು ಕಲಸುವ ಯಂತ್ರ ಗರಗರ ಸುತ್ತುತ್ತಿತ್ತು. ನನ್ನ ಕಣ್ಣು ಅದರ ಮೇಲೇ ಇತ್ತು, ಗೋಡೆಯ ಮೇಲಿರಲಿಲ್ಲ. ಎಪ್ಪತ್ತೈದು ವರ್ಷ ನಿಂತ ನನ್ನೆದುರು ನಿನ್ನೆ ಬಂದ ಡಬ್ಬಿ ಸುತ್ತುವುದೆಂದರೇನು? ಹೊಟ್ಟೆ ಉರಿದುಹೋಯಿತು.

ಗಾರೆಯ ಗೋಡೆ ನೀರು ಕುಡಿಯುತ್ತದೆ, ಬಿಸಿಲಿಗೆ ಬಿಟ್ಟುಬಿಡುತ್ತದೆ. ಸಿಮೆಂಟು ಬಡಿದ ಮೇಲೆ ನೆಲದಿಂದ ಏರಿದ ತೇವಕ್ಕೆ ಹೊರಗೆ ಹೋಗಲು ದಾರಿಯಿಲ್ಲ. ಅದು ಒಳಗೇ ಉಳಿದು ಮೇಲೆ ಮೇಲೆ ಹತ್ತಿತು. ಹತ್ತು ವರ್ಷಕ್ಕೆ ಬಣ್ಣ ಉಬ್ಬಿತು, ಇಪ್ಪತ್ತು ವರ್ಷಕ್ಕೆ ಗೋಡೆಯಿಂದ ಉಪ್ಪು ಸುರಿಯಿತು. ಒಂದು ಶನಿವಾರ ಮಗ್ದಲಮ್ಮ ಪೀಠಕ್ಕೆ ಹೂವು ಇಡುತ್ತಿದ್ದಾಗ ಹಿಂದಿನ ಗೋಡೆಯಿಂದ ಮೊರದಗಲದ ಹಕ್ಕಳೆ ಕಳಚಿ ಅವಳ ಕಾಲ ಬಳಿ ಬಿತ್ತು. ಅವಳು ಅದನ್ನು ಸೆರಗಿನಲ್ಲಿ ಹಾಕಿಕೊಂಡು ಹೊರಗೆ ಬಂದು ನನಗೆ ಒರಗಿ ಕೂತಳು. ಒಂದು ಕಡೆ ಹೊಳೆಯುವ ಬಣ್ಣ, ಅದರ ಕೆಳಗೆ ಅವಳ ತಾತನ ಬಿಳಿ ಗಾರೆ, ಅದರ ಹಿಂದೆ ಇಟ್ಟಿಗೆಯ ಒದ್ದೆ ಪುಡಿ. "ನಾನೇ ಹಚ್ಚಿದ್ದು. ಮೊದಲ್ನೇ ಕರಣೆ ನಂದೇಯ" ಎಂದು ಯಾರಿಗೂ ಕೇಳಿಸದ ಹಾಗೆ ಹೇಳಿದಳು. ನನಗೆ ಕೇಳಿಸಿತು. ಅವತ್ತಿನಿಂದ ಅವಳ ನಿದ್ದೆ ಹಾರಿಹೋಯಿತೆಂದು ಊರಿನವರೇ ಆಡಿಕೊಂಡರು.

ಆಗ ಇದ್ದವರು ಫಾದರ್ ಸಗಾಯರಾಜ್, ಇನ್ನೂ ಎಳೆಯ ವಯಸ್ಸು. ಎಂಜಿನಿಯರನ್ನು ಕರೆಸಿದರು. ಎಂಜಿನಿಯರು ಗೋಡೆಗೆ ಬೆರಳು ಒತ್ತಿ, ಗುಡಿ ನಿಲ್ಲುವುದಿಲ್ಲ, ಕೆಡವಿ ಕಾಂಕ್ರೀಟಿನದು ಕಟ್ಟಿ ಎಂದರು. ನಕ್ಷೆಯೂ ಬಂತು. ಭಾನುವಾರ ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಸಭೆ ಸೇರಿತು. ನಕ್ಷೆಯನ್ನು ಹರಡಲು ಬೇರೆ ಜಾಗ ಸಿಗದೆ ನನ್ನ ಪಕ್ಕದ ಕಟ್ಟೆಯ ಮೇಲೆ ಹರಡಿದರು.

ಹಾಲಿನ ಡೈರಿಯ ಕಾರ್ಯದರ್ಶಿ ಸೂಸೆಪ್ಪ ಎದ್ದುನಿಂತ. ಅವನು ಮಗ್ದಲಮ್ಮನ ಅಣ್ಣನ ಮಗ. "ನೋಡಿ, ಇದ್ರಲ್ಲಿ ಎಲ್ಡು ಗೋಪುರ ಐತೆ. ನಮ್ ಮಕ್ಳಾದ್ರೂ ಒಂಟಿಕೊಂಬು ಅನ್ನಿಸ್ಕೊಳ್ದೆ ಬದುಕ್ಲಿ."

ಜನ ತಲೆಯಾಡಿಸಿದರು. ಮಗ್ದಲಮ್ಮ ಎದ್ದಳು. ಎಪ್ಪತ್ತು ವರ್ಷದ ಮಂಡಿ, ನನ್ನನ್ನು ಹಿಡಿದುಕೊಂಡೇ ಎದ್ದಳು. "ಸ್ವಾಮಿ, ಗುಡಿ ಕೊಳ್ತೋಗಿಲ್ಲ. ಉಸ್ರು ಕಟ್ಟೈತೆ. ಸಿಮೆಂಟು ಕಿತ್ತಾಕಿ, ಒಣಗಾಕೆ ಬಿಡಿ, ಗಾರೆ ಹಚ್ಚಿ. ನಿಂತ್ಕೊಳ್ತದೆ."

"ಅತ್ತೆ, ನೂರು ವರ್ಷದ ಸುಣ್ಣ ಅದು. ಕೈಲಿ ಕೆರೆದ್ರೆ ಉದುರ್ತದೆ" ಎಂದ ಸೂಸೆಪ್ಪ. ಕೆಲವರು ನಕ್ಕರು. ಹಿತ್ತಲ ಗಿಡ ಎಂದಾದರೂ ಮದ್ದಾದೀತೇ?

ಮಗ್ದಲಮ್ಮ ಜಗಳಕ್ಕೆ ನಿಲ್ಲಲಿಲ್ಲ. ಬಗ್ಗಿ ಕಾಲುವೆಯೊಳಗೆ ಬಿದ್ದಿದ್ದ ಒಣ ಎಲೆಯನ್ನು ಕೈಯಿಂದ ಗುಡಿಸಿದಳು. ನನ್ನ ಕಾಲು ಹಿಡಿದಿದ್ದ ಹಳೆಯ ಗಾರೆ ಕಾಣಿಸಿತು. "ಲೋ ಸೂಸೆಪ್ಪ, ಈ ಕಲ್ಲನ್ನ ಟ್ರ್ಯಾಕ್ಟರ್ ಕಟ್ಟಿ ಎಳ್ದಿದ್ದು ಯಾರ್ಲಾ?"

"ನಮ್ಮಪ್ಪ."

"ಬಂತಾ?"

ಸೂಸೆಪ್ಪ ನನ್ನ ಮುರಿದ ಅಂಚಿನ ಕಡೆ ನೋಡಿದ.

"ಅರ್ಧ ಅರ್ದಿರೋ ಗಾರೆ ಇದು. ಮ್ಯಾಲೆ ಸಿಮೆಂಟಿಲ್ಲ, ಬಣ್ಣ ಇಲ್ಲ. ನೂರು ವರ್ಷ ಮಳೇಲಿ ನೆಂದೈತೆ, ಬಿಸ್ಲಲ್ಲಿ ಒಣಗೈತೆ. ಗೋಡೇಲಿರೋದೂ ಇದೇ ಗಾರೆಯ. ಅದನ್ನ ಕೊಂದೋರು ನಾವು. ನಾನು. ಎಂಜಿನಿಯರಪ್ಪ, ಒಂದ್ ಏಟು ಹಾಕಿ ನೋಡಪ್ಪ."

ಎಂಜಿನಿಯರು ಸಂಕೋಚದಿಂದಲೇ ಸುತ್ತಿಗೆ ತೆಗೆದುಕೊಂಡು ಕಾಲುವೆಯ ಗಾರೆಗೆ ಹೊಡೆದರು. ಟಣ್ ಎಂದಿತು. ಇನ್ನೊಮ್ಮೆ ಜೋರಾಗಿ ಹೊಡೆದರು, ಸುತ್ತಿಗೆ ಪುಟಿದು ಬಂತು. ಅವರು ಬಗ್ಗಿ ಬೆರಳಾಡಿಸಿ ನೋಡಿ ಸುತ್ತಿಗೆ ಕೆಳಗಿಟ್ಟರು. ನಾನು ನೂರು ವರ್ಷ ಬೈದುಕೊಂಡು ನಿಂತ ಆ ಸೆರೆಯೇ ಗುಡಿಗೆ ಸಾಕ್ಷಿ ಹೇಳಿದ್ದು ಕಂಡು ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಫಾದರ್ ಸಗಾಯರಾಜ್ ನಕ್ಷೆಯನ್ನು ಸುರುಳಿ ಸುತ್ತಿದರು. "ಮಗ್ದಲಮ್ಮನೋರೆ, ಪೀಠದ ಹಿಂದಿನ ಗೋಡೆ ಒಂದನ್ನ ಮಾಡಿ ತೋರಿಸಿ. ಮುಂದಿನ ಮಳೆಗಾಲ ಮುಗಿದ ಮೇಲೂ ಅದು ಒಣಗಿದ್ರೆ ಗುಡಿ ಉಳೀತು. ಇಲ್ಲಾಂದ್ರೆ ಕೆಡವೋದೇ, ನೀವೂ ಒಪ್ಪಬೇಕು." ಅವಳು ಒಪ್ಪಿದಳು.

ಪೀಠದ ಗೋಡೆಯ ಹೊರಗಿನ ಸಿಮೆಂಟನ್ನು ಉಳಿಯಿಂದ ಎಬ್ಬಿಸಿ, ಒಳಗಿನ ಬಣ್ಣ ಕೆರೆದು, ಗೋಡೆಯನ್ನು ಬೆತ್ತಲೆ ಬಿಟ್ಟರು. ಅದು ಬಿಸಿಲಿಗೆ ಒಣಗುತ್ತಿದ್ದ ತಿಂಗಳುಗಳಲ್ಲಿ ನನ್ನನ್ನು ಬಿಡಿಸುವ ಕೆಲಸ ನಡೆಯಿತು. ಬಂದವನು ಗೋವಿಂದಪ್ಪ, ನನ್ನನ್ನು ಕಡಿದ ಹನುಮಬೋವಿಯ ಮೊಮ್ಮಗ. ನಾಲ್ಕು ದಿನ ಉಳಿ ಹಿಡಿದು ಕೂತ. ಎರಡನೆಯ ದಿನ ಬೆವರು ಒರೆಸಿಕೊಂಡು, "ನಿಮ್ ತಾತನ ಗಾರೆ ನಮ್ ತಾತನ ಕಲ್ಲನ್ನ ಬಿಡ್ತಿಲ್ಲ ಕಣವ್ವ" ಎಂದ. "ಬಿಡ್ದೇ ಇದ್ರೆ ಒಳ್ಳೇದೇಯ, ಎಲ್ಲಾರೂ ನೋಡ್ಲಿ" ಎಂದು ಮಗ್ದಲಮ್ಮ ಅವನಿಗೆ ಮಜ್ಜಿಗೆ ಕೊಟ್ಟಳು. ನಾಲ್ಕನೆಯ ದಿನ ಸಂಜೆ ನನ್ನ ಅಡಿಯಲ್ಲಿ ಏನೋ ಕಟಕ್ ಎಂದಿತು. ಹಾರೆ ಹಾಕಿ ಮೀಟಿದರು. ಎರಡು ಬೆರಳಿನಷ್ಟು ಸರಿದೆ. ಅಷ್ಟೇ. ಆದರೆ ಆ ಎರಡು ಬೆರಳಿನ ಸುಖವನ್ನು ಹೇಳಲು ನನಗೆ ಬರುವುದಿಲ್ಲ. ನನ್ನ ಮೈಮೇಲಿದ್ದ ಓತಿಕ್ಯಾತ ಹೆದರಿ ಓಡಿಹೋಯಿತು.

ವಿಭೂತಿ ಬುಧವಾರ ಬಂತು. ಮಗ್ದಲಮ್ಮ ಮನೆಮನೆಗೆ ಹೋಗಿ ಮೊಟ್ಟೆ ಕೇಳಿದಳು. ಈಗ ತಪಸ್ಸುಕಾಲದಲ್ಲಿ ಮೊಟ್ಟೆ ಬಿಡುವವರು ಯಾರೂ ಇರಲಿಲ್ಲ. ನಾಟಿಕೋಳಿಯೂ ಇರಲಿಲ್ಲ. "ಅಂಗ್ಡೀಲಿ ತಂದು ಕೊಡ್ತೀವಿ ಬಿಡಜ್ಜಿ" ಎಂದವರಿಗೆ ಅವಳು, "ತಂದ್ಕೊಡಿ, ಆದ್ರೆ ತಿನ್ನೋದ್ನ ಬಿಟ್ಟು ಕೊಡಿ. ನಿಮ್ಮಜ್ಜೀರು ಹಂಗೇ ಕೊಟ್ಟಿದ್ದು" ಎಂದಳು. ಮೊದಲ ವಾರ ಒಂದು ಕುಕ್ಕೆಯೂ ತುಂಬಲಿಲ್ಲ. ಎರಡನೆಯ ವಾರ ಗೋವಿಂದಪ್ಪನ ಹೆಂಡತಿ ಒಂದು ಟ್ರೇ ತಂದಿಟ್ಟು, "ನಮ್ಗೆ ಈ ತಪಸ್ಸೆಲ್ಲ ಗೊತ್ತಿಲ್ಲ ಕಣಕ್ಕ, ಶನಿವಾರ ಹೆಂಗಿದ್ರೂ ತಿನ್ನಲ್ಲ, ಇನ್ನಾರು ದಿನ ಬಿಟ್ರಾಯ್ತು" ಎಂದಳು. ಅದು ಊರಿಗೆ ನಾಟಿತು. ಆಮೇಲೆ ಟ್ರೇಗಳು ಸಾಲಾಗಿ ಬಂದವು. ಸೂಸೆಪ್ಪನ ಮನೆಯಿಂದಲೂ ಬಂದವು, ಅವನು ಮಾತ್ರ ಬರಲಿಲ್ಲ.

ಸುಣ್ಣ ಬಂತು, ಮರಳು ಬಂತು, ಬೆಲ್ಲ ಬಂತು, ಎತ್ತು ಬರಲಿಲ್ಲ. ಊರಲ್ಲೆಲ್ಲ ಹಾಲಿನ ಹಸುಗಳು, ಹೂಡುವ ಎತ್ತು ಒಂದೂ ಇಲ್ಲ. ಟ್ರ್ಯಾಕ್ಟರಿಗೆ ನಿಧಾನವಾಗಿ ಸುತ್ತಲು ಬಾರದು. ಅವತ್ತು ಶುಕ್ರವಾರ. ತಪಸ್ಸುಕಾಲದ ಶುಕ್ರವಾರ ಶಿಲುಬೆಹಾದಿ ಮಾಡುವುದು ವಾಡಿಕೆ, ಏಸು ಶಿಲುಬೆ ಹೊತ್ತು ನಡೆದ ಹಾದಿಯ ಹದಿನಾಲ್ಕು ಚಿತ್ರಗಳು ಗುಡಿಯೊಳಗಿವೆ, ಅವುಗಳ ಮುಂದೆ ಒಂದೊಂದಾಗಿ ನಿಂತು ಪ್ರಾರ್ಥಿಸುತ್ತಾ ನಡೆಯುತ್ತಾರೆ. ಗುಡಿಯೊಳಗೆ ಕೆಲಸದ ಧೂಳು. ಮಗ್ದಲಮ್ಮ ಹೊಸದಾಗಿ ತೂರಿಸಿದ್ದ ಅಚ್ಚುಮರಕ್ಕೆ ಎರಡೂ ಕೈ ಹಚ್ಚಿ, "ಬನ್ರವ್ವ, ಹಾದಿ ಇಲ್ಲೇ ಮಾಡಾನ" ಎಂದಳು. ಆರು ಹೆಂಗಸರು ಬಂದು ಹೆಗಲು ಕೊಟ್ಟರು. ಫಾದರ್ ಸಗಾಯರಾಜ್ ಪ್ರಾರ್ಥನೆಯ ಪುಸ್ತಕ ಹಿಡಿದು ಪಕ್ಕದಲ್ಲೇ ನಡೆದರು. ಒಂದು ಚಿತ್ರದ ಪ್ರಾರ್ಥನೆಗೆ ಒಂದು ಸುತ್ತು.

ನೂರು ವರ್ಷದ ಮೇಲೆ ನಾನು ಉರುಳಿದೆ. ಮೊದಲ ಸುತ್ತಿನಲ್ಲಿ ಹಾರಿಹೋಗಿದ್ದ ನನ್ನ ಅಂಚು ಕುಂಟಿತು, ಧಡಕ್ ಧಡಕ್ ಎಂದೆ. ಹದಿನಾಲ್ಕು ಸುತ್ತು ಮುಗಿದರೂ ಮರಳು ಕರಕರ ಎನ್ನುತ್ತಲೇ ಇತ್ತು. "ಮತ್ತೊಂದ್ಸಲ ಶುರು ಮಾಡಿ ಸ್ವಾಮಿ" ಎಂದಳು ಮಗ್ದಲಮ್ಮ. ಮತ್ತೆ ಹದಿನಾಲ್ಕು. ಒಬ್ಬಳು ದಣಿದರೆ ಇನ್ನೊಬ್ಬಳು ಬಂದಳು. ಬೇಲಿಯಾಚೆ ಬೈಕು ನಿಲ್ಲಿಸಿ ನೋಡುತ್ತಿದ್ದ ಸೂಸೆಪ್ಪ ಒಂದು ಹೊತ್ತಿನಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, "ಅತ್ತೆ, ನೀನ್ ಈಚೆ ಬಾ, ನಿನ್ ಮಂಡಿ ಓಯ್ತದೆ" ಎಂದು ಅಚ್ಚುಮರಕ್ಕೆ ಕೈ ಹಚ್ಚಿದ. ಎಷ್ಟು ಸಲ ಹಾದಿ ಮಾಡಿದರೋ ನಾನು ಲೆಕ್ಕ ಇಡಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಮಗ್ದಲಮ್ಮ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿ, ತಾತನ ಹಾಗೆ ಬಗ್ಗಿ ಅಚ್ಚುಮರಕ್ಕೆ ಕಿವಿಯಿಟ್ಟಳು. ಅವರು ಇನ್ನೊಂದು ಸುತ್ತು ತಳ್ಳಿದರು.

ನಾನು ಸುತ್ತುತ್ತಿದ್ದೆ, ಸದ್ದಿರಲಿಲ್ಲ. ಒಳಗೂ ಏನೂ ಕುದಿಯುತ್ತಿರಲಿಲ್ಲ. ಇದು ಅರ್ಧಕ್ಕೆ ನಿಂತ ಮೌನವಲ್ಲ ಎಂದು ನನಗೂ ತಿಳಿಯಿತು.

"ಹದ ಬಂತು" ಎಂದಳು ಮಗ್ದಲಮ್ಮ. ಅಳುತ್ತಿದ್ದಳು. ಈ ಸಲ ಕಾಲುವೆಯ ಗಾರೆಯನ್ನೆಲ್ಲ ಅವಳೇ ನಿಂತು ಬಳಿಸಿದಳು, ನನ್ನನ್ನು ಎರಡು ಕೊಡ ನೀರು ಹಾಕಿ ತೊಳೆದಳು. ಈ ಸಲದ ಗಾರೆಗೆ ಇಟ್ಟಿಗೆಪುಡಿ ಹಾಕಿರಲಿಲ್ಲ, ಹಾಗಾಗಿ ಅದು ಬಿಗಿಯದೆ ಮೂರು ವಾರ ಒದ್ದೆ ಗೋಣಿಯಡಿ ಹುಳಿಯಿತು. ಪಾಸ್ಖ ಹಬ್ಬಕ್ಕೆ ಮೊದಲು ಪೀಠದ ಗೋಡೆಗೆ ಒಳಗೂ ಹೊರಗೂ ಹತ್ತಿತು. ಕೊನೆಯ ಪದರಕ್ಕೆ ಮೊಟ್ಟೆಯ ಬಿಳಿ ಬೆರೆಸಿ ಹೆಂಗಸರು ನುಣುಪುಗಲ್ಲಿನಿಂದ ಉಜ್ಜಿದರು.

ಆಮೇಲೆ ಮಳೆ. ಆ ವರ್ಷ ಬಿಟ್ಟೂ ಬಿಡದೆ ಹೊಡೆಯಿತು. ಪ್ರತಿ ಮಳೆಗೂ ಮಗ್ದಲಮ್ಮ ಕೊಡೆ ಹಿಡಿದು ಗುಡಿಗೆ ಬಂದು, ಗೋಡೆ ಮುಟ್ಟಿ, ಹೊರಗೆ ಬಂದು ನನ್ನ ಪಕ್ಕ ನಿಲ್ಲುತ್ತಿದ್ದಳು. ಆಷಾಢದಲ್ಲಿ ಗೋಡೆಯ ಬುಡದಲ್ಲಿ ಒಂದು ಮೊಳದಷ್ಟು ತೇವ ಕಾಣಿಸಿತು. ಅವಳು ಎರಡು ದಿನ ಊಟ ಬಿಟ್ಟಳು. ಅವಳಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಆ ಚಡಪಡಿಕೆ ನನಗೆ ಗೊತ್ತು ಎಂದು ಹೇಳಬೇಕೆನ್ನಿಸುತ್ತಿತ್ತು. ಬಿಸಿಲು ಬಂದ ಮೂರನೆಯ ದಿನ ಆ ತೇವ ಇರಲಿಲ್ಲ. ಗೋಡೆ ಕುಡಿದು ಬಿಟ್ಟಿತ್ತು.

ಅಕ್ಟೋಬರಿನಲ್ಲಿ ಎಂಜಿನಿಯರು ಬಂದರು. ಒಂದು ಗಂಟೆ ಒಳಗಿದ್ದರು. ಮಗ್ದಲಮ್ಮ ಒಳಗೆ ಹೋಗಲಿಲ್ಲ, ಚೌರಪ್ಪ ನಿಲ್ಲುತ್ತಿದ್ದ ಜಾಗದಲ್ಲಿ ನನ್ನನ್ನು ಹಿಡಿದು ನಿಂತಿದ್ದಳು. ಫಾದರ್ ಸಗಾಯರಾಜ್ ನನ್ನ ತಂಗಿಯನ್ನು ದಾಟಿ ಹೊರಗೆ ಬಂದು ಎರಡೂ ಅಂಗೈ ಎತ್ತಿ ತೋರಿಸಿದರು. "ಒಣಗಿದೆ ಮಗ್ದಲಮ್ಮನೋರೆ. ಗುಡಿ ಉಳೀತು."

ಸೂಸೆಪ್ಪ ಪಕ್ಕದಲ್ಲೇ ಇದ್ದ. ಹೆಗಲೆತ್ತರಕ್ಕೆ ನಿಂತ ಎಡಗೋಪುರವನ್ನು ನೋಡಿ, "ಹಂಗಾದ್ರೆ ನಾವು ಒಂಟಿಕೊಂಬಿನೋರೇ ಆದೋ ಅನ್ನು" ಎಂದ. ಮುಖದಲ್ಲಿ ಬೇಸರವೇನೂ ಇರಲಿಲ್ಲ.

ನಾನೀಗ ಕಾಲುವೆಯ ಅಂಚಿನಲ್ಲಿ ಒಣಗಿ, ಚೊಕ್ಕಟವಾಗಿ ನಿಂತಿದ್ದೇನೆ. ವಯಸ್ಸಾಯಿತು, ಅಂಚು ಮುರಿದಿದೆ. ಚೌರಪ್ಪನ ಮೇಲಿನ ಸಿಟ್ಟು ಹೋಗಿದೆ. ಅವನು ಅವತ್ತು ನನ್ನನ್ನು ತೊಳೆದು ಎತ್ತಿಟ್ಟಿದ್ದರೆ ಗುಡಿಯ ಪರವಾಗಿ ಸಾಕ್ಷಿ ಹೇಳಲು ಯಾರೂ ಇರುತ್ತಿರಲಿಲ್ಲ. ಹಾಗೆಂದು ನಿಲ್ಲುವುದು ನನಗೆ ಒಗ್ಗಿತು ಎಂದುಕೊಳ್ಳಬೇಡಿ.

ಅವತ್ತು ಎಲ್ಲರೂ ಮನೆಗೆ ಹೋದ ಮೇಲೆ ಮಗ್ದಲಮ್ಮ ಒಬ್ಬಳೇ ಉಳಿದಳು. ಸೆರಗಿನಿಂದ ಮುಖ ಒರೆಸಿಕೊಂಡು, ಗುಡಿಯನ್ನು ಒಂದು ಸುತ್ತು ಹಾಕಿ, ಸಿಮೆಂಟು ಹೊತ್ತು ನಿಂತ ಉಳಿದ ಗೋಡೆಗಳನ್ನು ಒಂದೊಂದಾಗಿ ತಟ್ಟಿ ನೋಡಿ ಬಂದಳು. ನಂತರ ಮಲಗಿದ ಎತ್ತನ್ನು ಎಬ್ಬಿಸುವವಳಂತೆ ನನ್ನ ಬೆನ್ನಿಗೆ ಅಂಗೈಯಿಂದ ಒಂದು ಏಟು ಹಾಕಿದಳು.

"ಏಳು ಮ್ಯಾಲಕ್ಕೆ. ಇನ್ನೂ ಮೂರ್ ಗೋಡೆ ಐತೆ."